ಆಕಾಶದ ಆ ಮೋಡಕ್ಕೆ ಬೆಂಕಿ ಬಿದ್ದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರದ ಪುರವಣಿಯಲ್ಲಿ ಅರ್ಧ ಪುಟ ತುಂಬ ಒಂದು ಬಣ್ಣದ ಫೋಟೋ ಹಾಕಿದ್ದಿರಿ. ಕೆಳಗೆ ಕಂದು-ಕೇಸರಿ ಬಣ್ಣದ ಗುಡ್ಡದ ಸಾಲು, ಮೇಲೆ ನೀಲಿ, ಅದರ ತುಂಬ ಚುಕ್ಕಿಗಳು. ಅಡಿಯಲ್ಲಿ ‘ಬಾಹ್ಯಾಕಾಶದಲ್ಲಿ ಧಗಧಗ ಉರಿಯುತ್ತಿರುವ ಬೆಂಕಿಯ ಮೋಡ’ ಅಂತ ಒಂದೇ ಸಾಲು. ಯಾವ ಮೋಡ, ಎಷ್ಟು ದೂರ, ಯಾರು ತೆಗೆದ ಫೋಟೋ, ಒಂದೂ ಇಲ್ಲ. ಅವತ್ತು ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಪೇಪರು ಕೈಯಿಂದ ಕೈಗೆ ಹೋಯಿತು. ‘ಆಕಾಶದಾಗ ಬೆಂಕಿ ಹತ್ಯದಂತ ನೋಡ್ರಿ’ ಅಂದರು ಒಬ್ಬರು. ‘ಅದಕ್ಕೇ ಈ ಸಲ ಮಾರ್ಚ್‌ನಾಗೇ ಬಿಸಿಲು ಹಿಂಗ ಸುಡ್ಲತ್ತದ’ ಅಂದರು ಇನ್ನೊಬ್ಬರು. ಕಲಬುರಗಿ ಬಿಸಿಲಿಗೆ ಕಾರಣ ಹುಡುಕುವವರಿಗೆ ಏನು ಸಿಕ್ಕರೂ ಸಾಕು ಬಿಡಿ. ಆದರೆ ಅವರ ಬಾಯಿಗೆ ಆ ಮಾತು ಕೊಟ್ಟವರು ನೀವು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿಸುವುದಾದರೆ ದಯವಿಟ್ಟು ನನ್ನ ಸ್ವಂತದ ಮಾತು ಕತ್ತರಿಸಿ, ಚುಕ್ಕಿಯ ಮಾತು ಬಿಡಿ.

ಮೊದಲು ನೀವು ಹೇಳದೇ ಬಿಟ್ಟದ್ದನ್ನು ಹೇಳಿಬಿಡುತ್ತೇನೆ. ಅದು ಜೇಮ್ಸ್ ವೆಬ್ ದೂರದರ್ಶಕ ತೆಗೆದ ಮೊದಮೊದಲ ಫೋಟೋಗಳಲ್ಲಿ ಒಂದು. ನಾಸಾದವರು 2022ರ ಜುಲೈ 12ರಂದು ಬಿಡುಗಡೆ ಮಾಡಿದರು. ಕರೀನಾ ನೀಹಾರಿಕೆ ಅನ್ನುವ ದೊಡ್ಡ ಅನಿಲದ ಮೋಡದ ಒಂದು ಮೂಲೆ ಅದು. ಇಲ್ಲಿಂದ ಸುಮಾರು 7,600 ಜ್ಯೋತಿರ್ವರ್ಷ ದೂರ (ಬೆಳಕು ಒಂದು ವರ್ಷದಲ್ಲಿ ಓಡುವಷ್ಟು ದಾರಿಗೆ ಒಂದು ಜ್ಯೋತಿರ್ವರ್ಷ ಅನ್ನುತ್ತಾರೆ). ಫೋಟೋದಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರದ ಹಾಗೆ ಕಾಣುವುದು ಸುಮಾರು 7 ಜ್ಯೋತಿರ್ವರ್ಷ ಎತ್ತರ ಇದೆ. ಸೂರ್ಯನಿಂದ ಅವನ ಪಕ್ಕದ ನಕ್ಷತ್ರಕ್ಕೆ ಇರುವ ದಾರಿ 4 ಜ್ಯೋತಿರ್ವರ್ಷ ಚಿಲ್ಲರೆ. ಲೆಕ್ಕ ಹಾಕಿಕೊಳ್ಳಿ.

ಇನ್ನು ಬೆಂಕಿಯ ಮಾತು. ಅಲ್ಲಿ ಏನೂ ಉರಿಯುತ್ತಿಲ್ಲ. ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ನಾನು ವಿಜ್ಞಾನದ ಮೇಷ್ಟ್ರಲ್ಲ. ಪಿಯುಸಿ ಮುಗಿಸಿ, ಸೊಲ್ಲಾಪುರದಲ್ಲಿ ಒಬ್ಬ ಉಸ್ತಾದರ ಹತ್ತಿರ ಗಾಜಿನ ಟ್ಯೂಬು ಬಗ್ಗಿಸುವುದನ್ನು ಕಲಿತು ಬಂದು, ಇಲ್ಲಿ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ನಿಯಾನ್ ಬೋರ್ಡಿನ ಅಂಗಡಿ ಹಾಕಿದವನು. ಲಾಡ್ಜು, ಬಟ್ಟೆ ಅಂಗಡಿ, ಮೆಡಿಕಲ್ಲು, ಟಾಕೀಸು, ಎಲ್ಲರಿಗೂ ಕೆಂಪು, ನೀಲಿ ಅಕ್ಷರ ಮಾಡಿಕೊಟ್ಟಿದ್ದೇನೆ. ಆಮೇಲೆ ಫ್ಲೆಕ್ಸ್ ಬಂತು, ಎಲ್‌ಇಡಿ ಬಂತು, ನಮ್ಮ ಕಸುಬು ಮುಗಿಯಿತು. ಈಗ ಅದೇ ಅಂಗಡಿಯಲ್ಲಿ ಮಗ ಎಲ್‌ಇಡಿ ಬೋರ್ಡು ಮಾಡುತ್ತಾನೆ. ನಾನು ಸುಮ್ನೆ ಮೂಲೆಯಲ್ಲಿ ಕುಳಿತು ಪೇಪರು ಓದುತ್ತೇನೆ.

ನಿಯಾನ್ ಟ್ಯೂಬು ಹೇಗೆ ಮಾಡುತ್ತಿದ್ದೆವು ಅಂತ ಈಗಿನವರಿಗೆ ಗೊತ್ತಿಲ್ಲ. ಗಾಜಿನ ಕೊಳವೆಯನ್ನು ಬರ್ನರಿನ ಉರಿಯ ಮೇಲೆ ಹಿಡಿದು, ಮೆತ್ತಗಾದಾಗ ಅಕ್ಷರದ ಆಕಾರಕ್ಕೆ ಬಗ್ಗಿಸಬೇಕು. ಬಗ್ಗಿಸುವಾಗ ಬಾಯಲ್ಲಿ ಹಿಡಿದ ರಬ್ಬರ್ ಪೈಪಿನಿಂದ ಹದವಾಗಿ ಊದುತ್ತಿರಬೇಕು. ಇಲ್ಲಾಂದ್ರೆ ತಿರುವಿನಲ್ಲಿ ಗಾಜು ಚಪ್ಪಟೆಯಾಗುತ್ತದೆ. ಕನ್ನಡ ಅಕ್ಷರ ಬಗ್ಗಿಸುವುದು ಇಂಗ್ಲಿಷಿಗಿಂತ ಕಷ್ಟ. ‘ಶ್ರೀ’ ಮಾಡಿ ನೋಡಿದವರಿಗೇ ಗೊತ್ತು! ಎರಡೂ ತುದಿಗೆ ಎಲೆಕ್ಟ್ರೋಡು ಬೆಸೆದು, ಪಂಪು ಹಚ್ಚಿ ಒಳಗಿನ ಗಾಳಿ ಎಳೆಯಬೇಕು. ಆಮೇಲೆ ಜೋರು ಕರೆಂಟು ಹಾಯಿಸಿ ಗಾಜನ್ನು ಕಾಯಿಸಬೇಕು. ಇದಕ್ಕೆ ಬಾಂಬಾರ್ಡಿಂಗ್ ಅನ್ನುತ್ತಿದ್ದೆವು. ಒಳಗೆ ಅಂಟಿಕೊಂಡ ಪಸೆ, ಕೊಳೆ ಎಲ್ಲ ಆವಿಯಾಗಿ ಪಂಪಿನಲ್ಲಿ ಹೋಗುತ್ತದೆ. ಕೊನೆಗೆ ಚೂರೇ ಚೂರು ನಿಯಾನ್ ಅನಿಲ ಬಿಟ್ಟು ಬಾಯಿ ಮುಚ್ಚಿಬಿಡಬೇಕು. ಹೊರಗಿನ ಗಾಳಿಯ ಒತ್ತಡದ ನೂರರಲ್ಲಿ ಒಂದು ಪಾಲು, ಅಷ್ಟೇ ಒಳಗೆ ಇರುವುದು. ಹತ್ತು-ಹದಿನೈದು ಸಾವಿರ ವೋಲ್ಟಿನ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿದರೆ ಕೊಳವೆ ಕೆಂಪಗೆ ಬೆಳಗುತ್ತದೆ. ನಡುಭಾಗ ಮುಟ್ಟಿದರೆ ಬೆಚ್ಚಗೆ ಇರುತ್ತದೆ, ಸುಡುವುದಿಲ್ಲ. (ನೀವು ಮುಟ್ಟಬೇಡಿ. ತುದಿಯ ಕರೆಂಟು ಜೀವ ತೆಗೆಯುತ್ತದೆ.)

ಅದರೊಳಗೆ ನಿಯಾನ್ ಉರಿಯುತ್ತಿದೆ ಅಂತ ಯಾರಾದರೂ ಹೇಳುತ್ತಾರಾ? ಉರಿಯಬೇಕಾದರೆ ಆಮ್ಲಜನಕದ ಜೊತೆ ಕೂಡಬೇಕು, ಕೂಡಿ ಬೇರೆ ಏನಾದರೂ ಆಗಬೇಕು. ನಿಯಾನ್ ಯಾರ ಜೊತೆಗೂ ಕೂಡುವ ಜಾತಿಯದೇ ಅಲ್ಲ. ಕರೆಂಟು ಹಾಯುವಾಗ ಒಳಗೆ ಓಡುವ ಎಲೆಕ್ಟ್ರಾನುಗಳು ಅದರ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಹೊಡೆತದಿಂದ ಬಂದ ಶಕ್ತಿಯನ್ನು ಪರಮಾಣು ಬೆಳಕಾಗಿ ವಾಪಸ್ಸು ಬಿಡುತ್ತದೆ. ಮತ್ತೆ ಹೊಡೆತ, ಮತ್ತೆ ಬೆಳಕು. ಅನಿಲ ಇದ್ದ ಹಾಗೇ ಇರುತ್ತದೆ.

ಆಕಾಶದ ಬೆಳಗುವ ಮೋಡದಲ್ಲಿ ನಡೆಯುವುದೂ ಇದೇ ಕುಲದ ಕೆಲಸ. ಅಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ, ಅದರ ಜಾಗದಲ್ಲಿ ಒಂದು ನಕ್ಷತ್ರ ಇದೆ. ಮೋಡದಲ್ಲಿ ಇರುವುದು ಹೆಚ್ಚಾಗಿ ಹೈಡ್ರೋಜನ್. ನಕ್ಷತ್ರದಿಂದ ಬರುವ ಅತಿನೇರಳೆ ಬೆಳಕು ಹೈಡ್ರೋಜನ್ ಪರಮಾಣುವಿಗೆ ಬಡಿದು, ಅದಕ್ಕಿರುವ ಒಂದೇ ಒಂದು ಎಲೆಕ್ಟ್ರಾನನ್ನು ಕಿತ್ತು ಹಾಕುತ್ತದೆ. ಹಾಗೆ ಬೀದಿಪಾಲಾದ ಎಲೆಕ್ಟ್ರಾನು ಎಲ್ಲೋ ಅಲೆದು, ತನ್ನ ಎಲೆಕ್ಟ್ರಾನು ಕಳೆದುಕೊಂಡು ಉಳಿದ ಇನ್ಯಾವುದೋ ಹೈಡ್ರೋಜನ್ನಿನ ಪ್ರೋಟಾನಿಗೆ ಸಿಕ್ಕಿಬೀಳುತ್ತದೆ. ಸಿಕ್ಕ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳಿಯುತ್ತದೆ. ಪ್ರತಿ ಮೆಟ್ಟಿಲಿಗೂ ಒಂದೊಂದು ಬೆಳಕು. ಮೂರನೆಯದರಿಂದ ಎರಡನೆಯದಕ್ಕೆ ಇಳಿಯುವಾಗ ಬಿಡುವುದು ಕೆಂಪು ಬೆಳಕು, ಅಲೆಯ ಉದ್ದ 656 ನ್ಯಾನೋಮೀಟರ್. ಈ ಮೋಡಗಳ ಫೋಟೋದಲ್ಲಿ ಕೆಂಪು, ಗುಲಾಬಿ ಜಾಸ್ತಿ ಕಾಣುವುದು ಅದರಿಂದಲೇ. ಒಂದು ಕಾಲೇಜಿನ ಲ್ಯಾಬಿನವರು ಹೈಡ್ರೋಜನ್ ಟ್ಯೂಬಿನ ಟ್ರಾನ್ಸ್‌ಫಾರ್ಮರ್ ಕೆಟ್ಟಿದೆ ಅಂತ ನನ್ನ ಹತ್ತಿರ ತಂದಿದ್ದರು. ರಿಪೇರಿ ಮಾಡಿ ಹಚ್ಚಿ ನೋಡಿದೆ. ನಿಯಾನಿನ ಕೇಸರಿ ಮಿಶ್ರಿತ ಕೆಂಪು ಅಲ್ಲ ಅದು, ಬೇರೆಯೇ ಗುಲಾಬಿ. ಅಂಗಡಿ ದೀಪ ಆರಿಸಿ ಸ್ವಲ್ಪ ಹೊತ್ತು ನೋಡುತ್ತಾ ಕುಳಿತೆ. ಗಿರಾಕಿ ಬಂದು ಹೊರಗಿನಿಂದ ಕೂಗಿದ್ದೂ ಕೇಳಿಸಲಿಲ್ಲ.

ಎಲ್ಲ ನಕ್ಷತ್ರಗಳಿಗೂ ಈ ತಾಕತ್ತು ಇಲ್ಲ. ನಮ್ಮ ಸೂರ್ಯನ ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಇಂಥ ಮೋಡ ಬೆಳಗಿಸುವುದು ಅವನ ಕೈಯಲ್ಲಿ ಆಗುವ ಕೆಲಸ ಅಲ್ಲ. ಅವನಿಗಿಂತ ಐದಾರು ಪಟ್ಟು ಬಿಸಿ ಇರುವ, ನೀಲಿ ಬಣ್ಣದ ದೊಡ್ಡ ನಕ್ಷತ್ರ ಬೇಕು. ಅಂಥವು ಬಹಳ ದಿನ ಬಾಳುವುದಿಲ್ಲ. ಸೂರ್ಯ ಸಾವಿರ ಕೋಟಿ ವರ್ಷ ಬಾಳುವವನಾದರೆ ಅವು ಕೆಲವೇ ಹತ್ತು ಲಕ್ಷ ವರ್ಷಗಳಲ್ಲಿ ಮುಗಿದು ಹೋಗುತ್ತವೆ. ದೀಪ ಹೋದ ಮೇಲೆ ಮೋಡವೂ ಮಂಕಾಗುತ್ತದೆ.

‘ಆದರೆ ಆ ಅನಿಲ 10,000 ಡಿಗ್ರಿ ಬಿಸಿ ಅಂತಾರಲ್ಲ, ಮತ್ತೆ ಬೆಂಕಿಯಲ್ಲ ಅಂದ್ರೆ ಹೇಗೆ?’ ಅಂತ ಮಗನೇ ನನ್ನನ್ನು ಕೇಳಿದ್ದಾನೆ. ಒಳ್ಳೆಯ ಪ್ರಶ್ನೆ. ಬಿಸಿ ಅಂದರೆ ಕಣಗಳು ಎಷ್ಟು ಜೋರಾಗಿ ಓಡುತ್ತಿವೆ ಅನ್ನುವ ಲೆಕ್ಕ. ಓಡುವುದೇನೋ ಜೋರಾಗಿಯೇ ಓಡುತ್ತವೆ, ಆದರೆ ಇರುವುದು ಎಷ್ಟು? ನಾವು ಉಸಿರಾಡುವ ಗಾಳಿಯಲ್ಲಿ ಒಂದು ಘನ ಸೆಂಟಿಮೀಟರಿಗೆ 25ರ ಮುಂದೆ 18 ಸೊನ್ನೆ ಹಾಕಿದಷ್ಟು ಅಣುಗಳಿವೆ. ಬೆಳಗುವ ಮೋಡದಲ್ಲಿ ಅಷ್ಟೇ ಜಾಗದಲ್ಲಿ ಇರುವುದು ನೂರರ ಲೆಕ್ಕದಲ್ಲಿ, ದಟ್ಟ ಇದ್ದ ಕಡೆ ಸಾವಿರದ ಲೆಕ್ಕದಲ್ಲಿ. ನನ್ನ ಪಂಪು ಇಡೀ ದಿನ ಎಳೆದರೂ ಟ್ಯೂಬಿನ ಒಳಗೆ ಅಷ್ಟು ಖಾಲಿ ಮಾಡಲಿಕ್ಕೆ ಆಗುತ್ತಿರಲಿಲ್ಲ. ಅಲ್ಲಿ ಕೈ ಚಾಚಿದರೆ ಬಿಸಿ ತಾಗುವ ಮಾತೇ ಇಲ್ಲ. ಅಷ್ಟು ತೆಳುವಾದದ್ದು ನಮಗೆ ಕಾಣುವುದು ಅದು ಕೋಟಿ ಕೋಟಿ ಕಿಲೋಮೀಟರ್ ಆಳ ಇರುವುದರಿಂದ. ಚಹಾದ ಅಂಗಡಿಯವರ ಗಮನಕ್ಕೆ: ಇಲ್ಲಿಯ ಬಿಸಿಲಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ನಮ್ಮ ಕಸುಬಿನಲ್ಲಿ ಒಂದು ಅನುಭವ ಇತ್ತು. ಟ್ಯೂಬು ಹಚ್ಚಿದ ಕೂಡಲೇ ಬಣ್ಣ ನೋಡಿ ಒಳಗೆ ಏನಿದೆ ಅಂತ ಹೇಳಿಬಿಡುತ್ತಿದ್ದೆವು. ಶುದ್ಧ ನಿಯಾನ್ ಆದರೆ ಒಂದು ಕೆಂಪು. ಆರ್ಗಾನ್ ಹಾಕಿ ಒಂದು ಹನಿ ಪಾದರಸ ಬಿಟ್ಟರೆ ನೀಲಿ. ಎಲ್ಲೋ ಬೆಸುಗೆ ಬಿಟ್ಟು ಹೊರಗಿನ ಗಾಳಿ ಸೋರಿದರೆ ಬಣ್ಣ ನೇರಳೆಗೆ ತಿರುಗುತ್ತದೆ. ಗಿರಾಕಿ ‘ಬಣ್ಣ ಚೆಂದ ಅದಲ್ಲ’ ಅನ್ನುತ್ತಿದ್ದ, ನಮಗೆ ಎದೆ ಧಸಕ್ ಅನ್ನುತ್ತಿತ್ತು, ಮತ್ತೆ ಮೊದಲಿನಿಂದ ಮಾಡಬೇಕು. ಒಡೆಯದೆ, ಮುಟ್ಟದೆ, ಬರೀ ಬೆಳಕು ನೋಡಿ ಒಳಗಿನ ಅನಿಲ ಹೇಳುವುದು. ವಿಲಿಯಂ ಹಗಿನ್ಸ್ ಅನ್ನುವ ಇಂಗ್ಲೆಂಡಿನ ಖಗೋಳ ವಿಜ್ಞಾನಿ 1864ರ ಆಗಸ್ಟಿನಲ್ಲಿ ಮಾಡಿದ್ದೂ ಅದನ್ನೇ. ಅಲ್ಲಿಯವರೆಗೆ ಈ ಮಬ್ಬು ಮೋಡಗಳೆಲ್ಲ ಬಹಳ ದೂರದ ನಕ್ಷತ್ರಗಳ ಗುಂಪು ಅಂತಲೇ ತುಂಬ ಜನ ತಿಳಿದಿದ್ದರು. ಹಗಿನ್ಸ್ ಅಂಥ ಒಂದು ಮೋಡದ ಬೆಳಕನ್ನು ಪ್ರಿಸಂ ಮೂಲಕ ಹಾಯಿಸಿದ. ನಕ್ಷತ್ರದ ಬೆಳಕಾಗಿದ್ದರೆ ಕಾಮನಬಿಲ್ಲಿನ ಎಲ್ಲ ಬಣ್ಣ ಬರಬೇಕಿತ್ತು. ಅವನಿಗೆ ಕಂಡದ್ದು ಕೆಲವೇ ಹೊಳೆಯುವ ಗೆರೆ, ಅದರಲ್ಲಿ ಹಸಿರು ಗೆರೆ ಎಲ್ಲಕ್ಕಿಂತ ಜೋರು. ಅಂದರೆ ಅದು ಬೆಳಗುವ ಅನಿಲ. ಆ ಮೋಡದ ಮಟ್ಟಿಗೆ ವಾದ ಅಲ್ಲಿಗೆ ಮುಗಿಯಿತು.

ಆದರೆ ಆ ಹಸಿರು ಗೆರೆ ಭೂಮಿಯ ಯಾವ ವಸ್ತುವಿಗೂ ಹೊಂದಲಿಲ್ಲ. ಹೊಸ ಮೂಲವಸ್ತು ಇರಬೇಕು ಅಂತ ‘ನೆಬ್ಯುಲಿಯಂ’ ಅಂತ ಹೆಸರೂ ಇಟ್ಟರು. ಅರವತ್ತು ವರ್ಷ ಹಾಗೇ ಹೋಯಿತು. 1927ರಲ್ಲಿ ಅಮೆರಿಕದ ಐರಾ ಬೋವೆನ್ ಅದರ ಗುಟ್ಟು ಬಿಡಿಸಿದ. ಅದು ನಮ್ಮ ಆಮ್ಲಜನಕವೇ, ಎರಡು ಎಲೆಕ್ಟ್ರಾನು ಕಳೆದುಕೊಂಡದ್ದು. ಆ ಸ್ಥಿತಿಯಲ್ಲಿ ಅದು ಹಸಿರು ಬೆಳಕು ಬಿಡಲಿಕ್ಕೆ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ನಮ್ಮ ಟ್ಯೂಬಿನ ಒಳಗೆ ಅಷ್ಟರಲ್ಲಿ ಇನ್ನೊಂದು ಕಣ ಬಂದು ಡಿಕ್ಕಿ ಹೊಡೆದು ಅದರ ಶಕ್ತಿ ಕಿತ್ತುಕೊಂಡು ಹೋಗಿರುತ್ತದೆ. ಮೋಡದಲ್ಲಿ ಡಿಕ್ಕಿ ಹೊಡೆಯಲಿಕ್ಕೆ ಅಕ್ಕಪಕ್ಕ ಯಾರೂ ಇಲ್ಲ. ಹಾಗಾಗಿ ಆರಾಮಾಗಿ ಬೆಳಕು ಬಿಡುತ್ತದೆ. ನೋಡಿ, ಮೋಡದಲ್ಲಿ ಆಮ್ಲಜನಕ ಇದ್ದೂ ಬೆಂಕಿ ಇಲ್ಲ.

ಇದೆಲ್ಲ ವಿಲಾಯತಿಯಲ್ಲಿ ನಡೆದದ್ದು ಅಂತ ಅಂದುಕೊಳ್ಳುವವರಿಗೆ ಇನ್ನೊಂದು ಮಾತು. ಹಗಿನ್ಸ್ ನೋಡಿದ ನಾಲ್ಕು ವರ್ಷಕ್ಕೆ, 1868ರ ಆಗಸ್ಟ್ 18ರಂದು ದೊಡ್ಡ ಸೂರ್ಯಗ್ರಹಣ ಆಯಿತು. ಅದನ್ನು ನೋಡಲಿಕ್ಕೆ ಲೆಫ್ಟಿನೆಂಟ್ ಜಾನ್ ಹರ್ಷಲ್ ಎಂಬ ಅಧಿಕಾರಿ ಬಂದು ಕುಳಿತದ್ದು ನಮ್ಮ ಜಮಖಂಡಿಯಲ್ಲಿ. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷಲ್ ಅವರ ಮೊಮ್ಮಗ. ಅವತ್ತು ಮೋಡ ಕವಿದಿತ್ತು. ಮೋಡ ಸರಿದ ಸಂದಿಯಲ್ಲಿ ಸೂರ್ಯನ ಅಂಚಿನ ಜ್ವಾಲೆಗಳಂಥ ಚಾಚುಗಳ ಬೆಳಕನ್ನು ಪ್ರಿಸಂನಲ್ಲಿ ನೋಡಿ ಕೆಂಪು, ಕೇಸರಿ, ನೀಲಿ ಗೆರೆಗಳನ್ನು ಕಂಡ. ಅವೂ ಬೆಳಗುವ ಅನಿಲ ಅಂತ ಆಯಿತು. ಆ ಕೆಂಪು ಗೆರೆ ಹೈಡ್ರೋಜನ್ನಿನದು, ನಾನು ಮೇಲೆ ಹೇಳಿದ 656ರದ್ದೇ. ಬಾಗಲಕೋಟೆ ಜಿಲ್ಲೆಯ ಒಂದು ಊರಿನಲ್ಲಿ ನಡೆದ ಈ ಕೆಲಸ ನಿಮ್ಮ ಪುರವಣಿಯಲ್ಲಿ ಒಮ್ಮೆಯಾದರೂ ಬಂದದ್ದು ನಾನು ನೋಡಿಲ್ಲ.

ಬಣ್ಣದ ವಿಷಯಕ್ಕೆ ಬರುತ್ತೇನೆ. ನೀವು ಹಾಕಿದ ಫೋಟೋದ ಕೇಸರಿ ಬಣ್ಣ ಕಣ್ಣಿಗೆ ಕಾಣುವ ಬಣ್ಣವೇ ಅಲ್ಲ. ಜೇಮ್ಸ್ ವೆಬ್ ನೋಡುವುದು ಹೆಚ್ಚಾಗಿ ಅವಕೆಂಪು ಬೆಳಕನ್ನು, ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಅದರಲ್ಲಿ ಚಿಕ್ಕ ಅಲೆಯದಕ್ಕೆ ನೀಲಿ, ಉದ್ದ ಅಲೆಯದಕ್ಕೆ ಕೆಂಪು ಅಂತ ವಿಜ್ಞಾನಿಗಳು ಬಣ್ಣ ಹಂಚುತ್ತಾರೆ. ಕೇಸರಿ ಗುಡ್ಡದ ಹಾಗೆ ಕಂಡದ್ದು ದೂಳು ತುಂಬಿದ, ತಣ್ಣಗಿನ ಭಾಗ. ನೀವು ಬೆಂಕಿ ಅಂತ ಬರೆದದ್ದು ಆ ಫೋಟೋದಲ್ಲೇ ಎಲ್ಲಕ್ಕಿಂತ ತಂಪಾದ ಜಾಗಕ್ಕೆ! ಅದರ ಒಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಗುಡ್ಡವನ್ನು ಮೇಲಿನಿಂದ ಕೊರೆಯುತ್ತಿರುವ ಬಿಸಿ ನಕ್ಷತ್ರಗಳು ಫೋಟೋದ ಚೌಕಟ್ಟಿನಿಂದ ಹೊರಗೆ, ಮೇಲ್ಗಡೆ ಇವೆ. 1995ರಲ್ಲಿ ಹಬಲ್ ದೂರದರ್ಶಕ ತೆಗೆದ ಮೂರು ಕಂಬಗಳ ಫೋಟೋ ನಿಮ್ಮ ಓದುಗರಿಗೆ ನೆನಪಿರಬಹುದು. ಅದರಲ್ಲಿ ಹೈಡ್ರೋಜನ್ನಿಗೆ ಹಸಿರು ಹಚ್ಚಿದ್ದರು. ಇದು ಮೋಸ ಅಲ್ಲ, ಯಾವ ಅನಿಲ ಎಲ್ಲಿದೆ ಅಂತ ಬೇರೆ ಬೇರೆಯಾಗಿ ತಿಳಿಯಲಿಕ್ಕೆ ಮಾಡುವ ಏರ್ಪಾಡು. ಹಾಗೆ ಮಾಡಿದೆ ಅಂತ ಒಂದು ಸಾಲು ಹಾಕಿದರೆ ಆಯಿತು, ಅಲ್ವಾ?

ಹಾಕದಿದ್ದರೆ ಏನಾಗುತ್ತದೆ ಅಂತ ನಾನು ಮನೆಯಲ್ಲೇ ಕಂಡಿದ್ದೇನೆ. ಫರಹತಾಬಾದ್ ಹತ್ತಿರ ನಮ್ಮ ಭಾವನವರ ಹೊಲ ಇದೆ. ಜನವರಿಯಲ್ಲಿ ತೊಗರಿ ರಾಶಿ ಮಾಡುವಾಗ ರಾತ್ರಿ ಕಾವಲಿಗೆ ಅಲ್ಲೇ ಮಲಗುವುದು. ಮೊಮ್ಮಗಳೂ ಹಟ ಮಾಡಿ ಬಂದಿದ್ದಳು. ರಾತ್ರಿ ಹತ್ತರ ಹೊತ್ತಿಗೆ ನೆತ್ತಿಗಿಂತ ಸ್ವಲ್ಪ ದಕ್ಷಿಣಕ್ಕೆ ಸಾಲಾಗಿ ಮೂರು ಚುಕ್ಕಿ ನಿಂತಿದ್ದವು. ಅದರ ಕೆಳಗೆ ಸಣ್ಣದಾಗಿ ಇನ್ನೊಂದು ಮೂರು. ಆ ಸಣ್ಣ ಸಾಲಿನ ನಡುವಿನದು ಬರೀ ಚುಕ್ಕಿ ಅಲ್ಲ, ಅದೇ ಒರಾಯನ್ ನೀಹಾರಿಕೆ. ಬರಿಗಣ್ಣಿಗೂ ಅದು ಸ್ವಲ್ಪ ಮಬ್ಬಾಗಿಯೇ ಕಾಣುತ್ತದೆ. ದುರ್ಬೀನು ಕೊಟ್ಟೆ. ಹುಡುಗಿ ಬಹಳ ಹೊತ್ತು ನೋಡಿ, ‘ಇಷ್ಟೇನಾ ಮುತ್ಯಾ? ಫೋಟೋದಾಗ ಕೆಂಪು, ನೀಲಿ ಎಲ್ಲ ಇತ್ತಲ್ಲ. ಇಲ್ಲಿ ಬೆಳ್ಳಗ ಮಬ್ಬು ಅದ ಅಷ್ಟೇ’ ಅಂದಳು. ಮುಖ ಸಪ್ಪಗಾಗಿತ್ತು.

ತಪ್ಪು ಅವಳ ಕಣ್ಣಿಂದಲ್ಲ. ಕತ್ತಲಲ್ಲಿ ನಮ್ಮ ಕಣ್ಣು ಬಳಸುವ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ, ಅದರಲ್ಲೂ ಗಾಢ ಕೆಂಪು ಕಾಣುವುದೇ ಇಲ್ಲ ಅನ್ನಬಹುದು. ದೊಡ್ಡ ದೂರದರ್ಶಕದಲ್ಲಿ ನೋಡಿದವರು ನಸು ಹಸಿರು ಕಂಡಿತು ಅನ್ನುತ್ತಾರೆ. ಅದು ಬೋವೆನ್ ಬಿಡಿಸಿದ ಆ ಆಮ್ಲಜನಕದ ಹಸಿರು. ಕ್ಯಾಮೆರಾ ಹಾಗಲ್ಲ, ಅದು ಬೆಳಕನ್ನು ಕೂಡಿಡುತ್ತದೆ. ಮೊಬೈಲನ್ನು ಅಲ್ಲಾಡದ ಹಾಗೆ ಎತ್ತಿನ ಗಾಡಿಯ ಮೂಕಿಗೆ ಆನಿಸಿ, ನೈಟ್ ಮೋಡ್‌ನಲ್ಲಿ ಕೆಲವು ಸೆಕೆಂಡು ಬಿಟ್ಟು ತೆಗೆದೆವು. ತೆರೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಆ ಸಣ್ಣ ಸಾಲಿನ ನಡುವೆ ಗುಲಾಬಿ ಬಣ್ಣದ ಕಲೆ. ಲ್ಯಾಬಿನ ಟ್ಯೂಬಿನಲ್ಲಿ ಕಂಡ ಗುಲಾಬಿಯ ಹತ್ತಿರದ್ದೇ. ಆಮೇಲೆ ಹುಡುಗಿ ಮಲಗಲೇ ಇಲ್ಲ. ಬ್ಯಾಟರಿ ಮುಗಿಯುವವರೆಗೂ ತೆಗೆದಳು.

ಒರಾಯನ್ ನೀಹಾರಿಕೆ ನಮ್ಮಿಂದ ಸುಮಾರು 1,340 ಜ್ಯೋತಿರ್ವರ್ಷ ದೂರ, ಅಗಲ ಸುಮಾರು 24 ಜ್ಯೋತಿರ್ವರ್ಷ. ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದ ಕಾಲಕ್ಕೆ ಹೊರಟ ಬೆಳಕು ಈಗ ತೊಗರಿ ಹೊಲಕ್ಕೆ ಬರುತ್ತಿದೆ. ಅದರ ನಡುವೆ ಒತ್ತಾಗಿ ನಾಲ್ಕು ನಕ್ಷತ್ರ ಇವೆ, ಸಣ್ಣ ದೂರದರ್ಶಕದಲ್ಲೂ ಬಿಡಿಬಿಡಿಯಾಗಿ ಕಾಣುತ್ತವೆ. ಇಡೀ ಮೋಡವನ್ನು ಬೆಳಗಿಸುವುದು ಬಹುಪಾಲು ಅದರಲ್ಲಿ ಒಂದೇ. ಅದರ ಮೈ ಬಿಸಿ 39,000 ಡಿಗ್ರಿಯ ಹತ್ತಿರ. 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ ಅನ್ನುವವರು ಅಮೆರಿಕದಲ್ಲಿ ಈ ಮೋಡದ ಫೋಟೋ ತೆಗೆದರು. ನೀಹಾರಿಕೆಯೊಂದರ ಮೊದಲ ಫೋಟೋ ಅದು.

ನಮ್ಮ ರೈತರಿಗೆ ಆಕಾಶದ ಈ ಭಾಗ ಹೊಸದೇನಲ್ಲ. ಮಿರಗದ ಮಳಿ, ಆರಿದ್ರಾ ಮಳಿ ಅನ್ನುತ್ತೇವಲ್ಲ, ಆ ಮೃಗಶಿರ, ಆರಿದ್ರಾ ಚುಕ್ಕಿಗಳು ಇರುವುದು ಇದೇ ಒರಾಯನ್ ಗುಂಪಿನಲ್ಲಿ. ಜೂನಿನಲ್ಲಿ ಸೂರ್ಯ ಆ ಕಡೆ ಇರುವುದರಿಂದ ಮಳೆ ಕಾಯುವಾಗ ಅವು ಕಾಣುವುದಿಲ್ಲ. ಬಿತ್ತುವಾಗ ಅಡಗಿದ್ದು, ರಾಶಿಯ ಹೊತ್ತಿಗೆ ನೆತ್ತಿಯ ಮೇಲೆ ಬರುತ್ತವೆ. ಮಳೆ ನಕ್ಷತ್ರದ ಹೆಸರು ಬಾಯಿಪಾಠ ಇರುವವರಿಗೆ ಅದನ್ನು ಆಕಾಶದಲ್ಲಿ ತೋರಿಸಿದರೆ ಎಷ್ಟು ಖುಷಿ ಆಗುತ್ತದೆ ಗೊತ್ತಾ? ಭಾವನವರು ಅವತ್ತು ದುರ್ಬೀನು ವಾಪಸ್ಸು ಕೊಡಲಿಕ್ಕೆ ತಯಾರಿರಲಿಲ್ಲ.

ಈಗ ನನ್ನ ಅಸಲು ತಕರಾರು. ನೀವು ಫೋಟೋ ಹಾಕಿದ ಆ ಕರೀನಾ ಮೋಡ ಕಲಬುರಗಿಯಿಂದ ಕಾಣುತ್ತದೆ! ಅದನ್ನು ನೀವು ಬರೆಯಲೇ ಇಲ್ಲ. ಅದು ತೆಂಕಣ ಆಕಾಶದ ಮೋಡ. ಲಂಡನ್ನಿನಲ್ಲಿ ಅದು ಯಾವತ್ತೂ ಹುಟ್ಟುವುದೇ ಇಲ್ಲ. ದಿಲ್ಲಿಯಲ್ಲಿ ದಿಗಂತಕ್ಕೆ ಅಂಟಿಕೊಂಡೇ ಹಾದು ಹೋಗುತ್ತದೆ. ನಮ್ಮಲ್ಲಿ ದಿಗಂತದಿಂದ ಸುಮಾರು 13 ಡಿಗ್ರಿ ಮೇಲಕ್ಕೆ ಬರುತ್ತದೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದು ಸುಮಾರು 10 ಡಿಗ್ರಿ. ಅದರ ಮೇಲೆ ಇನ್ನೆರಡು ಬೆರಳು. ಏಪ್ರಿಲ್ ನಡುವಿನಲ್ಲಿ ರಾತ್ರಿ ಒಂಬತ್ತೂವರೆ ಸುಮಾರಿಗೆ ಸರಿಯಾಗಿ ದಕ್ಷಿಣಕ್ಕೆ ನಿಂತಿರುತ್ತದೆ. ಎಡಗಡೆಗೆ ತ್ರಿಶಂಕು ಅನ್ನುವ ಚುಕ್ಕಿಗಳ ಗುಂಪು, ಬಲಗಡೆಗೆ ದೂರದಲ್ಲಿ ದಿಗಂತಕ್ಕೆ ಇಳಿಯುತ್ತಿರುವ ಅಗಸ್ತ್ಯ ನಕ್ಷತ್ರ, ಇವೆರಡರ ನಡುವೆ ತ್ರಿಶಂಕುವಿನ ಹತ್ತಿರಕ್ಕೆ ಹುಡುಕಬೇಕು. ಅಮಾವಾಸ್ಯೆಯ ಆಚೀಚೆ ಆಗಬೇಕು, ದೂಳು ಇರಬಾರದು. ಅಡ್ಡಮಳಿ ಬಿದ್ದ ಮಾರನೇ ದಿನ ಆದರೆ ಇನ್ನೂ ಒಳ್ಳೆಯದು. ಬಯಲುಸೀಮೆ ಬಯಲುಸೀಮೆ ಅಂತ ಬಯ್ಯುತ್ತೇವಲ್ಲ, ಇಲ್ಲಿ ಅದೇ ನಮಗೆ ಲಾಭ. ಗುಡ್ಡ ಅಡ್ಡ ಬರುವುದಿಲ್ಲ. ಫರಹತಾಬಾದ್ ಕಡೆಯ ಹೊಲಗಳಿಂದ ನೋಡಿದರೆ ಕಲಬುರಗಿ ಶಹರದ ಬೆಳಕು ಬೆನ್ನ ಹಿಂದೆ ಉತ್ತರಕ್ಕೆ ಉಳಿಯುತ್ತದೆ, ದಕ್ಷಿಣ ಸಾಕಷ್ಟು ಕಪ್ಪಗೆ ಇರುತ್ತದೆ. ಕೇಸರಿ ಗುಡ್ಡ ಕಾಣುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮಬ್ಬಾದ ಬೆಳಕಿನ ತುಣುಕು, ಅದರ ಸುತ್ತ ಸಣ್ಣ ಚುಕ್ಕಿಗಳು, ಇಷ್ಟೇ.

ಆ ಮೋಡದ ಒಳಗೆ ಈಟಾ ಕರೀನೇ ಅಂತ ಒಂದು ನಕ್ಷತ್ರ ಇದೆ. 1843ರಲ್ಲಿ ಅದು ಒಮ್ಮೆಲೇ ಹೊಳಪೇರಿ, ಆಕಾಶದಲ್ಲಿ ಲುಬ್ಧಕನ ನಂತರ ಎರಡನೆಯ ಪ್ರಕಾಶಮಾನ ನಕ್ಷತ್ರ ಆಗಿತ್ತು. ನಮ್ಮ ಮುತ್ತಜ್ಜನ ಮುತ್ತಜ್ಜಂದಿರು ಆಗ ಹೊಲ ಕಾಯುತ್ತಾ ತೆಂಕಣಕ್ಕೆ ಮುಖ ಮಾಡಿದ್ದರೆ ನೋಡಿಯೇ ಇರುತ್ತಾರೆ. ಆಮೇಲೆ ಮಂಕಾಯಿತು. ಮುಂದೊಂದು ದಿನ ಅದು ಸಿಡಿದು ಹೋಗುತ್ತದೆ ಅಂತ ವಿಜ್ಞಾನಿಗಳು ಹೇಳುತ್ತಾರೆ. ಯಾವತ್ತು ಅಂತ ಕೇಳಬೇಡಿ, ಅವರ ‘ಬೇಗ’ ಅನ್ನುವುದು ನಮ್ಮ ಲೆಕ್ಕದ ಬೇಗ ಅಲ್ಲ.

ಫರಹತಾಬಾದಿನ ಆಚೆ, ಭೀಮಾ ನದಿಯ ದಂಡೆಯಲ್ಲಿ ಫಿರೋಜಾಬಾದಿನ ಹಾಳುಕೋಟೆ ಇದೆ. ಅದನ್ನು ಕಟ್ಟಿಸಿದ ಫಿರೋಜ್ ಶಾ ಬಹಮನಿ ಇದೇ ಗುಲ್ಬರ್ಗದಿಂದ ಆಳಿದವನು. ಚುಕ್ಕಿಗಳನ್ನು ಗಮನಿಸಲಿಕ್ಕೆ ದೌಲತಾಬಾದಿನ ಹತ್ತಿರ ಒಂದು ವೀಕ್ಷಣಾಲಯ ಕಟ್ಟಿಸಲು ಶುರು ಮಾಡಿದ್ದ ಅಂತ ಇತಿಹಾಸದಲ್ಲಿ ಬರುತ್ತದೆ. ಕೆಲಸ ಪೂರ್ತಿಯಾಗಲಿಲ್ಲ. ಆರುನೂರು ವರ್ಷದ ಹಿಂದೆ ಇಲ್ಲಿಯ ಸುಲ್ತಾನನಿಗೆ ಆಕಾಶದ ಗೀಳು ಇತ್ತು ಅಂದರೆ ಈಗಿನ ಹುಡುಗರಿಗೆ ಯಾಕೆ ಇರಬಾರದು? ಶಹರದಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಇದೆ. ನಿಮ್ಮ ಪತ್ರಿಕೆ ಪ್ರತಿ ಹಳ್ಳಿಗೂ ಹೋಗುತ್ತದೆ.

ದೀಪದ ಬಗ್ಗೆಯೂ ಒಂದು ಮಾತು. ಬೆಳಕು ಮಾರಿ ಹೊಟ್ಟೆ ಹೊರೆದವನು ನಾನು, ಬೆಳಕಿನ ವೈರಿ ಅಲ್ಲ. ಆದರೆ ಹಳ್ಳಿಯ ಸರ್ಕಲ್ಲಿಗೂ ಈಗ ಹೈಮಾಸ್ಟ್ ಬಂದಿದೆ. ಅದರ ಅರ್ಧ ಬೆಳಕು ರಸ್ತೆಗೆ ಬಿದ್ದರೆ ಇನ್ನರ್ಧ ಪಕ್ಕದ ಹೊಲಕ್ಕೂ ಆಕಾಶಕ್ಕೂ ಹೋಗುತ್ತದೆ. ಹಳೆಯ ಹಳದಿ ಸೋಡಿಯಂ ದೀಪದ ಬೆಳಕು ಕೆಲವೇ ಬಣ್ಣಗಳಲ್ಲಿ ಇರುತ್ತಿತ್ತು, ಮೋಡಗಳ ಫೋಟೋ ತೆಗೆಯುವವರು ಫಿಲ್ಟರ್ ಹಾಕಿ ಅದನ್ನು ತಡೆದುಕೊಳ್ಳುತ್ತಿದ್ದರು. ಬಿಳಿ ಎಲ್‌ಇಡಿ ಎಲ್ಲ ಬಣ್ಣದಲ್ಲೂ ಹರಡುತ್ತದೆ, ತಡೆಯುವುದು ಕಷ್ಟ. ದೀಪ ತೆಗೆಯಿರಿ ಅಂತ ಯಾರೂ ಕೇಳುತ್ತಿಲ್ಲ. ಫಿಟ್ಟಿಂಗನ್ನು ಓರೆಯಾಗಿ ಎತ್ತದೆ ನೆಲಕ್ಕೆ ಮುಖ ಮಾಡಿ ಕೂರಿಸಿದರೆ ರಸ್ತೆಗೂ ಬೆಳಕು ಜಾಸ್ತಿ, ಕರೆಂಟೂ ಉಳಿತಾಯ. ಕಂಬ ಹತ್ತಿದ ಹುಡುಗ ಒಂದು ಬೋಲ್ಟು ಸಡಿಲಿಸಿ ಮಾಡುವ ಕೆಲಸ ಅದು.

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಇಂಥ ಫೋಟೋ ಹಾಕುವಾಗ ಮೋಡದ ಹೆಸರು, ದೂರ, ಯಾವ ದೂರದರ್ಶಕ, ಬಣ್ಣ ಕಣ್ಣಿಗೆ ಕಾಣುವುದೋ ಆಮೇಲೆ ಹಚ್ಚಿದ್ದೋ, ಇಷ್ಟನ್ನು ಎರಡು ಸಾಲಲ್ಲಿ ಹಾಕಿ. ಅದು ನಮ್ಮ ಊರಿನಿಂದ ಕಾಣುವಂಥದ್ದಾದರೆ ಯಾವ ತಿಂಗಳು, ಎಷ್ಟು ಗಂಟೆಗೆ, ಯಾವ ದಿಕ್ಕಿಗೆ ಅಂತ ಹೇಳಿ. ರಾಶಿಭವಿಷ್ಯಕ್ಕೆ ದಿನಾ ಕಾಲು ಪುಟ ಕೊಡುತ್ತೀರಿ, ಇದಕ್ಕೆ ವಾರಕ್ಕೊಮ್ಮೆ ಅಂಗೈಯಗಲ ಜಾಗ ಸಿಕ್ಕರೆ ಸಾಕು.

ಕರೀನಾದ ತಿದ್ದುಪಡಿ ಮಾತ್ರ ಏಪ್ರಿಲ್ ಅಮಾವಾಸ್ಯೆಯ ಮೊದಲೇ ಬರಲಿ. ಮೇ ಕೊನೆಗೆ ಅದು ಕತ್ತಲಾಗುವಷ್ಟರಲ್ಲೇ ಪಡುವಣಕ್ಕೆ ವಾಲಿರುತ್ತದೆ, ಜೂನಿಗೆ ಮಿರಗದ ಮೋಡ ಬಂದು ಕೂರುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗ,
ಒಂದು ಕಾಲದ ನಿಯಾನ್ ಬೋರ್ಡಿನವನು,
ಸೂಪರ್ ಮಾರ್ಕೆಟ್, ಕಲಬುರಗಿ